ಮೂರು ಸಮೀಕರಣಗಳ ಕೀರ್ತಿ

ನಮ್ಮ ಪ್ರೌಢಶಾಲೆಗಳ ವಿಜ್ಞಾನಪಾಠದಲ್ಲಿ ಚಲನೆಯ ಮೂರು ಸಮೀಕರಣಗಳಿಗೆ ಲಭಿಸಿರುವಷ್ಟು ಗೌರವ ಬೇರಾವ ವಿಷಯಕ್ಕೂ ಲಭಿಸಿರಲಾರದು. ಒಂಬತ್ತನೆಯ ತರಗತಿಯ ವಿದ್ಯಾರ್ಥಿಯು ‘ವಿ = ಯು + ಎಟಿ’ ಎಂಬುದರಿಂದ ಮೊದಲ್ಗೊಂಡು ಆ ಮೂರನ್ನೂ ತಡವರಿಸದೆ ಒಪ್ಪಿಸಿ, ನಕ್ಷೆಯೆಳೆದು ನಿರೂಪಿಸಿ, ಲೆಕ್ಕದಲ್ಲಿ ಕೊಟ್ಟ ಬೆಲೆಗಳನ್ನು ಆದೇಶಿಸಿ, ಬಂದ ಉತ್ತರದ ಕೆಳಗೆ ಗೆರೆಯೆಳೆದನೆಂದರೆ, ಚಲನೆಯೆಂದರೇನೆಂಬುದು ಅವನಿಗೆ ಕರಗತವಾಯಿತೆಂದು ಉಪಾಧ್ಯಾಯರೂ ಪರೀಕ್ಷಕರೂ ತಂದೆತಾಯಿಗಳೂ ಏಕಕಂಠದಿಂದ ಒಪ್ಪಿಬಿಡುತ್ತಾರೆ. ಈ ಕೀರ್ತಿಯು ಆ ಸಮೀಕರಣಗಳ ಯೋಗ್ಯತೆಯನ್ನು ಬಹುದೂರ ಮೀರಿದ್ದೆಂಬುದೂ, ಅವುಗಳ ನೆರಳಿನಲ್ಲಿ ಅವುಗಳಿಗಿಂತ ಹೆಚ್ಚು ಸತ್ತ್ವವುಳ್ಳ ಒಂದು ಪ್ರಯೋಗವು ಅಜ್ಞಾತವಾಗಿ ಉಳಿದುಹೋಗಿದೆಯೆಂಬುದೂ ನನ್ನ ದೃಢವಾದ ಅಭಿಪ್ರಾಯ.

ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು 2006ರಲ್ಲಿ ಪ್ರಕಟಿಸಿದ, ಕನ್ನಡದ ಮಕ್ಕಳು ಅನುವಾದದಲ್ಲಿ ಓದುತ್ತ ಬಂದಿರುವ ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕವನ್ನೇ ನಾನು ಇಲ್ಲಿ ನಿದರ್ಶನವಾಗಿ ಇಟ್ಟುಕೊಳ್ಳುತ್ತೇನೆ. ದೂರ, ಸ್ಥಾನಪಲ್ಲಟ, ಜವ, ವೇಗ, ವೇಗೋತ್ಕರ್ಷ, ಅನಂತರ ನಕ್ಷೆಗಳು, ಅನಂತರ ಸಮೀಕರಣಗಳು ಎಂಬ ಅದರ ಅನುಕ್ರಮವು ವಾಚಕರಿಗೆ ಪರಿಚಿತವಾದದ್ದೇ ಆದುದರಿಂದ ಅದನ್ನು ವಿಸ್ತರಿಸುವ ಅಗತ್ಯವಿಲ್ಲ. ಪುಸ್ತಕದ ಗುಣಗಳನ್ನು ನಾನು ಅಲ್ಲಗಳೆಯುವವನೂ ಅಲ್ಲ. ಬೀಜಗಣಿತದ ಆಟಕ್ಕೆ ಬದಲಾಗಿ ನಕ್ಷೆಯ ಮಾರ್ಗವನ್ನು ಹಿಡಿದದ್ದು ಅದರ ವಿವೇಕ. ಭಾಷೆಯೂ ಬಹುಮಟ್ಟಿಗೆ ಸರಳ. ಆದರೆ ಸನ್ಮಾರ್ಗವನ್ನು ಹಿಡಿದವನು ಅದರ ಕೊನೆಯವರೆಗೆ ನಡೆದನೇ ಎಂಬುದನ್ನು ಪರೀಕ್ಷಿಸಿಯೇ ಮೆಚ್ಚಬೇಕು.

ಮೊದಲನೆಯ ಸಮೀಕರಣವನ್ನು ತೆಗೆದುಕೊಳ್ಳೋಣ. ಕಾಲವನ್ನು ಅಡ್ಡಲಾಗಿಯೂ ವೇಗವನ್ನು ಮೇಲ್ಮುಖವಾಗಿಯೂ ಗುರುತಿಸಿ, ಓರೆಯಾದ ಒಂದು ಸರಳರೇಖೆಯನ್ನೆಳೆದು, ಲಂಬಗಳನ್ನು ಇಳಿಸಿ, ಬಿಂದುಗಳಿಗೆ ಅಕ್ಷರಗಳನ್ನು ಕೊಟ್ಟು, ಇಂಥ ರೇಖೆಯು ಇಂಥಿಂಥ ರೇಖೆಗಳ ಮೊತ್ತವೆಂದು ತೋರಿಸಿ, ಕೊನೆಯಲ್ಲಿ ಅಂತಿಮ ವೇಗವು ಆರಂಭದ ವೇಗಕ್ಕೆ ವೇಗೋತ್ಕರ್ಷ ಮತ್ತು ಕಾಲಗಳ ಗುಣಲಬ್ಧವನ್ನು ಕೂಡಿಸಿದಷ್ಟು ಎಂಬ ನಿರ್ಣಯಕ್ಕೆ ಪುಸ್ತಕವು ಬಂದು ಸೇರುತ್ತದೆ. ಆದರೆ ಕೆಲವೇ ಪುಟಗಳ ಹಿಂದೆ ವೇಗೋತ್ಕರ್ಷವೆಂದರೆ ಏಕಮಾನ ಕಾಲದಲ್ಲಿ ವೇಗದಲ್ಲಾದ ಬದಲಾವಣೆ ಎಂದು ಅದೇ ಪುಸ್ತಕವು ಲಕ್ಷಣ ಹೇಳಿತ್ತು. ಆ ಲಕ್ಷಣವಾಕ್ಯದ ಪದಗಳನ್ನು ಅತ್ತಿತ್ತ ಸರಿಸಿದರೆ ದೊರೆಯುವುದೇ ಈ ಸಮೀಕರಣ. ಇದರಲ್ಲಿ ಹೊಸದಾಗಿ ಸಿದ್ಧವಾದದ್ದು ಏನೂ ಇಲ್ಲ. ನಾವೇ ಮಾಡಿಕೊಂಡ ಒಪ್ಪಂದವನ್ನು ಪ್ರಕೃತಿಯ ನಿಯಮವೋ ಎಂಬಂತೆ ನಿರೂಪಣೆಯ ಸಕಲ ವಿಧಿಗಳೊಡನೆ ಮಗುವಿನ ಮುಂದಿಡುವುದರಿಂದ ಆಗುವ ಹಾನಿ ಅಲ್ಪವಲ್ಲ. ಲಕ್ಷಣಕ್ಕೂ ನಿಯಮಕ್ಕೂ, ಮನುಷ್ಯನ ನಿರ್ಧಾರಕ್ಕೂ ಪ್ರಕೃತಿಯ ಸಾಕ್ಷ್ಯಕ್ಕೂ ಇರುವ ಅಂತರವನ್ನು ಅರಿಯುವುದೇ ಭೌತವಿಜ್ಞಾನದ ಮೊದಲ ಸಂಸ್ಕಾರ. ಆ ಅಂತರವು ಮೊದಲನೆಯ ಹೆಜ್ಜೆಯಲ್ಲಿಯೇ ಅಳಿಸಿಹೋಗುತ್ತದೆ.

ದೂರವನ್ನು ಕಾಲಕ್ಕೆ ಸಂಬಂಧಿಸುವ ಎರಡನೆಯ ಸಮೀಕರಣದಲ್ಲಿ ನಿಜವಾದ ವಿಚಾರವೊಂದು ಉಂಟು. ಆದಕಾರಣ ಅಲ್ಲಿಯ ಲೋಪವೂ ಹೆಚ್ಚು ಗುರುತರವಾದದ್ದು. ವೇಗ-ಕಾಲ ನಕ್ಷೆಯ ಕೆಳಗಿನ ಕ್ಷೇತ್ರಫಲವೇ ಚಲಿಸಿದ ದೂರ ಎಂಬುದು ಆ ವಿಚಾರ. ಏಕರೂಪ ವೇಗದಲ್ಲಿ ಹೋಗುವ ಕಾರಿನ ವಿಷಯದಲ್ಲಿ ಪುಸ್ತಕವು ಇದನ್ನು ಸರಿಯಾಗಿಯೇ ತೋರಿಸುತ್ತದೆ: ವೇಗವನ್ನು ಕಾಲದಿಂದ ಗುಣಿಸಿದರೆ ದೂರ, ಉದ್ದವನ್ನು ಅಗಲದಿಂದ ಗುಣಿಸಿದರೆ ಆಯತದ ಕ್ಷೇತ್ರಫಲ, ಆದುದರಿಂದ ಎರಡೂ ಒಂದೇ. ಇಷ್ಟು ನಿರ್ದುಷ್ಟ. ಮುಂದೆ ವೇಗವು ಸತತವಾಗಿ ಏರುತ್ತಿರುವ ಕಾರು ಬರುತ್ತದೆ. ಇಲ್ಲಿ ಗುಣಿಸಬೇಕಾದ ವೇಗ ಯಾವುದು? ಆರಂಭದ್ದೇ, ಅಂತ್ಯದ್ದೇ, ನಡುವಿನದೇ? ಬುದ್ಧಿವಂತನಾದ ಯಾವ ವಿದ್ಯಾರ್ಥಿಗೂ ತೋರಲೇಬೇಕಾದ ಈ ಪ್ರಶ್ನೆಯನ್ನು ಪುಸ್ತಕವು ಎತ್ತುವುದೇ ಇಲ್ಲ. ವೇಗವು ಬದಲಾಗುತ್ತಿರುವುದರಿಂದ ದೂರವು ಓರೆಗೆರೆಯ ಕೆಳಗಿನ ಇಡೀ ಆಕೃತಿಯ ಕ್ಷೇತ್ರಫಲಕ್ಕೆ ಸಮನಾಗುವುದೆಂಬ ಅರ್ಥದ ಒಂದೇ ಮಾತಿನಲ್ಲಿ ಅದು ಹೊಳೆಯನ್ನು ದಾಟಿಬಿಡುತ್ತದೆ. ‘ಬದಲಾಗುತ್ತಿರುವುದರಿಂದ’ ಎಂಬುದು ಇಲ್ಲಿ ಕಾರಣವನ್ನು ಹೇಳುವ ಮಾತಿನ ರೂಪದಲ್ಲಿದೆ. ಆದರೆ ಅದು ಕಾರಣವಲ್ಲ. ವೇಗವು ಬದಲಾಗುತ್ತಿದೆಯೆಂಬುದೇ ಆಯತದ ವಾದವನ್ನು ಇಲ್ಲಿಗೆ ತರಲು ಇರುವ ಅಡ್ಡಿ. ಆ ಅಡ್ಡಿಯನ್ನೇ ಸಮರ್ಥನೆಯೆಂದು ಬರೆದಂತಾಗಿದೆ. ಮುಂದಿನ ಪುಟಗಳಲ್ಲಿ ಆಯತಕ್ಕೆ ತ್ರಿಭುಜವನ್ನು ಕೂಡಿಸುವುದೂ, ತ್ರಾಪಿಜ್ಯದ ಸೂತ್ರವನ್ನು ಬಳಸುವುದೂ, ಹೀಗೆ ಎರಡನೆಯ ಮತ್ತು ಮೂರನೆಯ ಸಮೀಕರಣಗಳು ಹುಟ್ಟುವುದೂ ಈ ಆಧಾರವಿಲ್ಲದ ವಾಕ್ಯದ ಮೇಲೆಯೇ.

ವೇಗವು ಬದಲಾಗುವಾಗಲೂ ಕ್ಷೇತ್ರಫಲವೇ ದೂರವೇಕೆಂಬುದರ ವಿವರಣೆಯು ಹದಿನಾಲ್ಕು ವರ್ಷದ ಮಗುವಿನ ಶಕ್ತಿಯನ್ನು ಮೀರಿದ್ದು, ಕಲನಶಾಸ್ತ್ರವಿಲ್ಲದೆ ಅದು ಅಸಾಧ್ಯ ಎಂದು ಹೇಳುವವರುಂಟು. ಇದು ಪರೀಕ್ಷಿಸದೆ ಒಪ್ಪಿಕೊಂಡ ಮಾತು. ನಿಶ್ಚಲಸ್ಥಿತಿಯಿಂದ ಹೊರಟು, ಸೆಕೆಂಡಿಗೆ ಎರಡೆರಡು ಮೀಟರಿನಂತೆ ವೇಗವನ್ನು ಹೆಚ್ಚಿಸಿಕೊಳ್ಳುತ್ತ, ನಾಲ್ಕು ಸೆಕೆಂಡುಗಳಲ್ಲಿ ಸೆಕೆಂಡಿಗೆ 8 ಮೀಟರು ವೇಗವನ್ನು ಪಡೆದ ವಸ್ತುವನ್ನು ಭಾವಿಸೋಣ. ಪ್ರತಿಯೊಂದು ಸೆಕೆಂಡಿನಲ್ಲಿಯೂ ಅದು ಆ ಸೆಕೆಂಡಿನ ಆರಂಭದ ವೇಗದಿಂದಲೇ ಹೋಯಿತೆಂದು ಎಣಿಸಿದರೆ ದೂರವು 0, 2, 4, 6ರ ಮೊತ್ತವಾದ 12 ಮೀಟರು. ಅಂತ್ಯದ ವೇಗದಿಂದ ಹೋಯಿತೆಂದು ಎಣಿಸಿದರೆ 2, 4, 6, 8ರ ಮೊತ್ತವಾದ 20 ಮೀಟರು. ಮೊದಲನೆಯದು ನಿಜಕ್ಕಿಂತ ಕಡಿಮೆ, ಎರಡನೆಯದು ಹೆಚ್ಚು. ಸತ್ಯವು ಇವೆರಡರ ನಡುವೆ ಎಲ್ಲಿಯೋ ಇರಬೇಕು. ಕಾಲವನ್ನು ಅರ್ಧ ಸೆಕೆಂಡುಗಳಾಗಿ ಸೀಳಿದರೆ ಅವೇ ಅಂಕೆಗಳು 14 ಮತ್ತು 18 ಆಗುತ್ತವೆ. ಕಾಲು ಸೆಕೆಂಡುಗಳಾಗಿ ಸೀಳಿದರೆ 15 ಮತ್ತು 17. ನಕ್ಷೆಯ ಮೇಲೆ ಮೆಟ್ಟಿಲುಗಳು ಸಣ್ಣವಾಗುತ್ತ ಓರೆಗೆರೆಯನ್ನು ಕೆಳಗಿನಿಂದಲೂ ಮೇಲಿನಿಂದಲೂ ಒತ್ತುತ್ತ ಬರುತ್ತವೆ. 16ರ ಹೊರತು ಬೇರೆ ಯಾವ ಸಂಖ್ಯೆಗೂ ಅಲ್ಲಿ ನಿಲ್ಲಲು ಎಡೆಯಿಲ್ಲ. ತ್ರಿಭುಜದ ಕ್ಷೇತ್ರಫಲವೂ ಅದೇ 16. ಇದರಲ್ಲಿ ಕೂಡುವುದು ಗುಣಿಸುವುದಲ್ಲದೆ ಬೇರೆ ಗಣಿತವಿಲ್ಲ. ಐದೈದು ಸೆಕೆಂಡಿಗೊಮ್ಮೆ ಕಾರಿನ ವೇಗವನ್ನು ಬರೆದಿಟ್ಟ ಕೋಷ್ಟಕವೊಂದನ್ನು ಪುಸ್ತಕವೇ ಕೊಟ್ಟಿರುವುದರಿಂದ ಮೆಟ್ಟಿಲುಗಳು ಆಗಲೇ ಸಿದ್ಧವಾಗಿವೆ. ಆದರೂ ಅವುಗಳ ಮೇಲೆ ಮಗುವನ್ನು ನಡೆಯಿಸುವ ಯತ್ನವಿಲ್ಲ. ಸಮನಾಗಿ ವೇಗೋತ್ಕರ್ಷಗೊಳ್ಳುವ ವಸ್ತುವು ಮಧ್ಯಮ ವೇಗದಿಂದ ಏಕರೂಪವಾಗಿ ಹೋಗುವ ವಸ್ತುವಿನಷ್ಟೇ ದೂರವನ್ನು ಕ್ರಮಿಸುವುದೆಂಬ ತತ್ತ್ವವನ್ನು ಹದಿನಾಲ್ಕನೆಯ ಶತಮಾನದಲ್ಲಿಯೇ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ಪಂಡಿತರು ಹೇಳಿದ್ದರು. ಅದೇ ಶತಮಾನದಲ್ಲಿ ಫ್ರಾನ್ಸಿನ ನಿಕೋಲ್ ಒರೆಮ್ ಅದನ್ನು ಆಕೃತಿಯಾಗಿ ಬರೆದು ತೋರಿಸಿದನು. ಅವರಾರಿಗೂ ಕಲನಶಾಸ್ತ್ರ ತಿಳಿದಿರಲಿಲ್ಲ.

ಮೂರನೆಯ ಸಮೀಕರಣಕ್ಕೆ ಸಂದ ಅನ್ಯಾಯವು ಇನ್ನೂ ಸೂಕ್ಷ್ಮವಾದದ್ದು. ಮೊದಲಿನೆರಡರಿಂದ ಕಾಲವನ್ನು ನಿವಾರಿಸಿದಾಗ ಉಳಿಯುವ ಶೇಷವೆಂಬಂತೆ ಅದು ಪಾಠದಲ್ಲಿ ಬರುತ್ತದೆ. ಆದರೆ ವೇಗೋತ್ಕರ್ಷದ ಲಕ್ಷಣವನ್ನು ಕೇಳಿದಾಗಲೇ ಮಗುವು ಒಂದು ಪ್ರಶ್ನೆಯನ್ನು ಕೇಳಬಹುದಾಗಿತ್ತು: ವೇಗದ ಏರಿಕೆಯನ್ನು ಕಾಲದಿಂದಲೇ ಏಕೆ ಅಳೆಯಬೇಕು, ದೂರದಿಂದ ಏಕೆ ಅಳೆಯಬಾರದು? ಬೀಳುವ ಕಲ್ಲು ಪ್ರತಿಯೊಂದು ಅಡಿ ಇಳಿದಂತೆಯೂ ಸಮಪ್ರಮಾಣದ ವೇಗವನ್ನು ಗಳಿಸುತ್ತದೆಯೆಂದರೆ ತಪ್ಪೇನು? ಇದು ದಡ್ಡತನದ ಪ್ರಶ್ನೆಯಲ್ಲ. 1604ರಲ್ಲಿ ತನ್ನ ಮಿತ್ರ ಪಾವೊಲೊ ಸಾರ್ಪಿಗೆ ಬರೆದ ಪತ್ರದಲ್ಲಿ ಗೆಲಿಲಿಯೊ ನಂಬಿದ್ದು ಇದನ್ನೇ. ತಾನೂ ಕೆಲವು ಕಾಲ ಈ ಭ್ರಾಂತಿಯಲ್ಲಿದ್ದೆನೆಂಬುದನ್ನು 1638ರಲ್ಲಿ ಪ್ರಕಟವಾದ ‘ಎರಡು ಹೊಸ ವಿಜ್ಞಾನಗಳು’ ಎಂಬ ಗ್ರಂಥದ ಸಂವಾದದಲ್ಲಿ ಪಾತ್ರದ ಬಾಯಿಂದ ಆತನು ಹೇಳಿಸಿದ್ದಾನೆ. ವೇಗವು ಕ್ರಮಿಸಿದ ದೂರಕ್ಕೆ ಅನುಪಾತದಲ್ಲಿರುವುದಾದರೆ, ದೂರವು ಸೊನ್ನೆಯಾಗಿರುವಲ್ಲಿ ವೇಗವೂ ಸೊನ್ನೆ. ದೂರವನ್ನು ಅರ್ಧ ಅರ್ಧವಾಗಿ ಹಿಂದಕ್ಕೆ ಸೀಳುತ್ತ ಹೋದರೆ ವೇಗವೂ ಅರ್ಧ ಅರ್ಧವಾಗುವುದರಿಂದ ಪ್ರತಿಯೊಂದು ತುಂಡಿಗೂ ಒಂದೇ ಕಾಲ ಬೇಕು, ತುಂಡುಗಳಿಗೋ ಕೊನೆಯಿಲ್ಲ. ಆದುದರಿಂದ ಕೈಬಿಟ್ಟ ಕಲ್ಲು ಬೀಳಲು ತೊಡಗುವುದೇ ಇಲ್ಲ. ಈ ತರ್ಕವನ್ನು ಮಗುವೇ ಹಿಡಿಯಬಲ್ಲದು. ಹಾಗಿದ್ದರೆ ದೂರದೊಡನೆ ಸಮನಾಗಿ ಏರುವುದು ಯಾವುದು? ವೇಗವಲ್ಲ, ವೇಗದ ವರ್ಗ. ಮೂರನೆಯ ಸಮೀಕರಣವು ಹೇಳುವುದು ಇದನ್ನೇ. ಮಹಾಮತಿಯೊಬ್ಬನನ್ನು ವರ್ಷಗಳ ಕಾಲ ಕಾಡಿದ ಪ್ರಶ್ನೆಯ ಉತ್ತರವದು. ನಮ್ಮ ಪಾಠದಲ್ಲಿ ಉತ್ತರವು ಮಾತ್ರ ಇದೆ, ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಗೆಲಿಲಿಯೊನ ‘ಎರಡು ಹೊಸ ವಿಜ್ಞಾನಗಳು’ ಗ್ರಂಥದ ಮೂರನೆಯ ದಿನದ ಸಂವಾದದಲ್ಲಿ ವರ್ಣಿತವಾಗಿರುವ ಓರೆಹಲಗೆಯ ಪ್ರಯೋಗವೇ ನಾನು ಆರಂಭದಲ್ಲಿ ಸೂಚಿಸಿದ, ಅಜ್ಞಾತವಾಗಿ ಉಳಿದ ನಿಧಿ. ಹನ್ನೆರಡು ಮೊಳ ಉದ್ದ, ಅರ್ಧ ಮೊಳ ಅಗಲ, ಮೂರು ಬೆರಳು ದಪ್ಪದ ಮರದ ತೊಲೆ. ಅದರ ಅಂಚಿನಲ್ಲಿ ಬೆರಳಗಲಕ್ಕಿಂತ ತುಸು ಹೆಚ್ಚಿನ ನೇರವಾದ ತೋಡು. ತೋಡಿಗೆ ನುಣುಪಾದ ಚರ್ಮಪತ್ರದ ಹೊದಿಕೆ. ಅದರಲ್ಲಿ ಉರುಳುವ ಗಟ್ಟಿಯಾದ ಕಂಚಿನ ಗುಂಡು. ಕಾಲವನ್ನು ಅಳೆಯಲು, ದೊಡ್ಡ ಪಾತ್ರೆಯಿಂದ ಸಣ್ಣ ಧಾರೆಯಾಗಿ ಬೀಳುವ ನೀರನ್ನು ಹಿಡಿದು ತೂಗುವ ಉಪಾಯ. ಇಷ್ಟೇ ಸಾಮಗ್ರಿ. ಓರೆಯನ್ನು ಹೇಗೆ ಬದಲಾಯಿಸಿದರೂ ದೂರಗಳು ಕಾಲದ ವರ್ಗಗಳ ಅನುಪಾತದಲ್ಲಿಯೇ ಬಂದವು, ನೂರು ಸಲ ಮಾಡಿದರೂ ವ್ಯತ್ಯಾಸ ಕಾಣಲಿಲ್ಲವೆಂದು ಆತನು ಹೇಳುತ್ತಾನೆ. ಸಮವಾದ ಕಾಲಾವಧಿಗಳಲ್ಲಿ ಅನುಕ್ರಮವಾಗಿ ಕ್ರಮಿಸಿದ ದೂರಗಳನ್ನು ಬೇರೆ ಬೇರೆಯಾಗಿ ತೆಗೆದುಕೊಂಡರೆ ಅವು 1, 3, 5, 7 ಎಂಬ ಬೆಸಸಂಖ್ಯೆಗಳ ಅನುಪಾತದಲ್ಲಿರುತ್ತವೆ. ಬೆಸಸಂಖ್ಯೆಗಳನ್ನು ಮೊದಲಿಂದ ಕೂಡಿಸುತ್ತ ಹೋದರೆ 1, 4, 9, 16 ಎಂಬ ವರ್ಗಗಳೇ ದೊರೆಯುತ್ತವೆ. ಅಂಕಗಣಿತದ ಈ ಸೊಗಸು ಉರುಳುವ ಗುಂಡಿನಲ್ಲಿಯೂ ಇದೆಯೆಂಬ ಅರಿವಿಗೆ ಎದೆ ಹಿಗ್ಗದ ಮಗು ಇರಲಾರದು.

ಈ ಪ್ರಯೋಗಕ್ಕೆ ಸೆಕೆಂಡು, ಮೀಟರುಗಳ ಅವಲಂಬನವೇ ಬೇಕಿಲ್ಲ. ಬೇಕಾದದ್ದು ಸಮಕಾಲದ ಪೆಟ್ಟು ಮಾತ್ರ. ಅದಕ್ಕೆ ತಾಳ ಹಾಕಬಲ್ಲ ಒಂದು ಕೈ ಸಾಕು. ಆರೂವರೆ ಅಡಿಯ ಹಲಗೆಯ ಮೇಲೆ ಎರಡು ರೀಪುಗಳನ್ನು ಒತ್ತಾಗಿ ಹೊಡೆದು, ಒಂದು ತುದಿಯನ್ನು ಸುಮಾರು ಒಂದು ಗೇಣು ಎತ್ತರಿಸಿ, ಗೋಲಿಯೊಂದನ್ನು ಉರುಳಬಿಡಬೇಕು. ಹಲಗೆಗೆ ಅಡ್ಡಲಾಗಿ ನಾಲ್ಕು ದಾರಗಳನ್ನು ಸಡಿಲವಾಗಿ ಕಟ್ಟಿ, ಗೋಲಿಯು ಅವನ್ನು ದಾಟುವಾಗ ಸಣ್ಣ ಸದ್ದಾಗುವಂತೆ ಮಾಡಬೇಕು. ಸಂಗೀತವನ್ನು ಬಲ್ಲ ಹುಡುಗಿಯೊಬ್ಬಳು ಅರ್ಧ ಸೆಕೆಂಡಿಗೊಂದರಂತೆ ತಾಳ ಹಾಕುತ್ತಿರಲಿ. ದಾರದ ಸದ್ದುಗಳು ತಾಳದ ಪೆಟ್ಟಿನ ಮೇಲೆಯೇ ಬೀಳುವವರೆಗೂ ಉಳಿದ ಮಕ್ಕಳು ದಾರಗಳನ್ನು ಹಿಂದೆ ಮುಂದೆ ಸರಿಸುತ್ತಿರಲಿ. ಸದ್ದೂ ತಾಳವೂ ಕೂಡಿದ ಮೇಲೆ ಅಳೆದು ನೋಡಿದರೆ ಹೊರಟ ಸ್ಥಾನದಿಂದ ದಾರಗಳ ದೂರಗಳು ಸುಮಾರು 10, 40, 90, 160 ಸೆಂಟಿಮೀಟರುಗಳಾಗಿರುತ್ತವೆ. ಓರೆ ಬೇರೆಯಾದರೆ ಈ ಅಂಕೆಗಳೂ ಬೇರೆ, ಆದರೆ ಅನುಪಾತವು ಬೇರೆಯಾಗದು. ಎರಡನೆಯ ಸಮೀಕರಣವನ್ನು ಇನ್ನೂ ಹೆಸರಿಸಿಯೇ ಇಲ್ಲ; ಅದರ ಅಂತರಂಗವು ಮಾತ್ರ ಮಕ್ಕಳ ಕೈಬೆರಳಿನ ಕೆಳಗೆ ಬಂದಿದೆ. ಪುಸ್ತಕವು ಮುಂದಿನ ಅಧ್ಯಾಯದಲ್ಲಿ ಗೆಲಿಲಿಯೊನನ್ನು ಸ್ಮರಿಸಿ ಓರೆತಲದ ಚಿತ್ರಗಳನ್ನೂ ಕೊಡುತ್ತದೆ. ಆದರೆ ಅದು ಜಡತ್ವವನ್ನು ಸ್ಥಾಪಿಸುವುದಕ್ಕಾಗಿ, ಓದಿ ನಂಬುವುದಕ್ಕಾಗಿ. ಅಳೆಯುವುದಕ್ಕಾಗಿ ಅಲ್ಲ.

ಇಲ್ಲಿ ಒಂದು ಹಳೆಯ ವಾದವನ್ನು ಎದುರಿಸಲೇಬೇಕಾಗಿದೆ. ಗೆಲಿಲಿಯೊ ಈ ಪ್ರಯೋಗವನ್ನು ಹೇಳಿದಷ್ಟು ನಿಖರವಾಗಿ ಮಾಡಿರಲಾರನು, ಆತನ ನಿಯಮವು ಶುದ್ಧಚಿಂತನದ ಫಲ, ಪ್ರಯೋಗವು ಬರಿಯ ಅಲಂಕಾರ ಎಂದು ಪ್ರಸಿದ್ಧ ಇತಿಹಾಸಕಾರ ಅಲೆಕ್ಸಾಂದ್ರ್ ಕೊಯ್ರೇ ವಾದಿಸಿದನು. ಆತನ ಪಾಂಡಿತ್ಯಕ್ಕೆ ತಲೆಬಾಗಿ ಬಹುಕಾಲ ಅನೇಕರು ಅದನ್ನು ಅನುಮೋದಿಸಿದರು. ಆದರೆ ಹಲಗೆಯ ಮೇಲೆ ಗುಂಡನ್ನು ಉರುಳಿಸಿ ನೋಡದೆ ಹಲಗೆಯ ಶಕ್ತಿಯನ್ನು ನಿರ್ಣಯಿಸಿದ ವಾದವದು. 1961ರಲ್ಲಿ ಥಾಮಸ್ ಸೆಟ್ಲ್ ಎಂಬ ವಿದ್ವಾಂಸನು ಗೆಲಿಲಿಯೊನ ವರ್ಣನೆಯನ್ನು ಅನುಸರಿಸಿ, ನೀರಿನ ಧಾರೆಯನ್ನೇ ಗಡಿಯಾರವನ್ನಾಗಿ ಮಾಡಿಕೊಂಡು, ಪ್ರಯೋಗವನ್ನು ಪುನಃ ನಡೆಸಿ, ಹೇಳಿದ ನಿಖರತೆ ಸಾಧ್ಯವೆಂದು ತೋರಿಸಿದನು. 1970ರ ದಶಕದಲ್ಲಿ ವಿಜ್ಞಾನದ ಇತಿಹಾಸಕಾರ ಸ್ಟಿಲ್‌ಮನ್ ಡ್ರೇಕ್ ಗೆಲಿಲಿಯೊನ ಹಸ್ತಪ್ರತಿಗಳಲ್ಲಿ ಅಡಗಿದ್ದ ಅಳತೆಯ ಟಿಪ್ಪಣಿಗಳನ್ನು ಬೆಳಕಿಗೆ ತಂದನು. ಗೆಲಿಲಿಯೊನ ತಂದೆ ವಿಂಚೆಂಜೊ ಲ್ಯೂಟ್ ವಾದಕನಾಗಿದ್ದನು. ಆ ವಾದ್ಯದ ಮೆಟ್ಟುಗಳು ಕುತ್ತಿಗೆಗೆ ಸುತ್ತಿ ಕಟ್ಟಿದ, ಸರಿಸಬಹುದಾದ ಕರುಳಿನ ಎಳೆಗಳು. ಅಂಥವೇ ಎಳೆಗಳನ್ನು ಹಲಗೆಗೆ ಕಟ್ಟಿ, ಹಾಡಿನ ಲಯದಿಂದ ಮಗನು ಕಾಲವನ್ನು ಹಿಡಿದಿರಬೇಕೆಂಬುದು ಡ್ರೇಕನ ಊಹೆ. ಅದು ಊಹೆಯೇ ಆಗಿರಲಿ. ಮನುಷ್ಯನ ಕಿವಿಯು ಲಯದ ತಪ್ಪನ್ನು ಎಷ್ಟು ಸೂಕ್ಷ್ಮವಾಗಿ ಹಿಡಿಯಬಲ್ಲದೆಂಬುದನ್ನು ಕಛೇರಿ ಕೇಳಿದ ಯಾವ ಕನ್ನಡಿಗನಿಗೂ ವಿವರಿಸಬೇಕಾಗಿಲ್ಲ.

ಕೊಯ್ರೇಯ ಹೆಸರನ್ನೇ ಕೇಳದವರಲ್ಲಿಯೂ ಆತನ ವಾದವು ಬೇರೊಂದು ವೇಷದಲ್ಲಿ ಜೀವಿಸಿದೆ. ಮೊದಲು ಸೂತ್ರ, ಅನಂತರ ಲೆಕ್ಕ, ಬಿಡುವಾದರೆ ಪ್ರಯೋಗ ಎನ್ನುವವರು, ಅರಿವು ಕಾಗದದ ಮೇಲೆಯೇ ಹುಟ್ಟಿ ಪೂರ್ಣವಾಗುವುದೆಂದು ನಂಬಿದವರು. ಅವರ ನಂಬಿಕೆಗೆ ಪ್ರತಿಯಾದ ಸಾಕ್ಷ್ಯವು ಪ್ರಬಲವಾಗಿದೆ. ಅಮೆರಿಕದ ಅರಿಜೋನ ರಾಜ್ಯ ವಿಶ್ವವಿದ್ಯಾಲಯದಲ್ಲಿ ಇಬ್ರಾಹಿಂ ಹಲ್ಲೂನ್ ಮತ್ತು ಡೇವಿಡ್ ಹೆಸ್ಟೆನೆಸ್ 1985ರಲ್ಲಿ ಪ್ರಕಟಿಸಿದ ಪರಿಶೀಲನೆಗಳು, ರೂಢಿಯ ಬೋಧನೆಯಿಂದ ಚಲನೆಯ ಬಗೆಗಿನ ವಿದ್ಯಾರ್ಥಿಗಳ ಹಳೆಯ ಭಾವನೆಗಳು ಅತ್ಯಲ್ಪವಾಗಿ ಮಾತ್ರ ಬದಲಾಗುವುವೆಂಬುದನ್ನು ತೋರಿಸಿಕೊಟ್ಟವು. ಅವರು ರಚಿಸಿದ್ದ ಪ್ರಶ್ನಾವಳಿಯನ್ನು ಅನಂತರ ಹಾರ್ವರ್ಡಿನ ಎರಿಕ್ ಮಜೂರ್ ತನ್ನ ವಿದ್ಯಾರ್ಥಿಗಳಿಗೆ ಕೊಟ್ಟು, ಕಠಿನವಾದ ಲೆಕ್ಕಗಳನ್ನು ಬಿಡಿಸಬಲ್ಲವರೂ ಸರಳವಾದ ಪ್ರಶ್ನೆಗಳಲ್ಲಿ ಎಡವುವುದನ್ನು ಕಂಡು ತನ್ನ ಬೋಧನಕ್ರಮವನ್ನೇ ಬದಲಾಯಿಸಿದನು. ಮೇಲಕ್ಕೆಸೆದ ಕಲ್ಲು ತುತ್ತತುದಿಯಲ್ಲಿ ನಿಂತಂತೆ ತೋರುವ ಕ್ಷಣದಲ್ಲಿ ಅದರ ವೇಗೋತ್ಕರ್ಷವೆಷ್ಟು ಎಂದು ನಮ್ಮ ಮಕ್ಕಳನ್ನು ಕೇಳಿ ನೋಡಿದರೆ ಇದರ ಅರ್ಥ ವಿಶದವಾಗುತ್ತದೆ. ಮೂರು ಸಮೀಕರಣಗಳನ್ನೂ ಬಲ್ಲವನು ‘ಸೊನ್ನೆ’ ಎನ್ನುವುದುಂಟು. ವೇಗವು ಸೊನ್ನೆಯಾದರೂ ವೇಗದ ಬದಲಾವಣೆಯು ನಿಲ್ಲಲಿಲ್ಲ, ವೇಗೋತ್ಕರ್ಷವು ಆಗಲೂ ಕೆಳಮುಖವಾಗಿ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 9.8 ಮೀಟರು ಎಂಬುದನ್ನು ಸೂತ್ರವು ಅವನಿಗೆ ಕಾಣಿಸಲಿಲ್ಲ.

ಇದಕ್ಕೆ ವಿರುದ್ಧವಾದ ಪಕ್ಷವೂ ನನಗೆ ಸಮ್ಮತವಲ್ಲ. ಮಕ್ಕಳ ಕೈಗೆ ಏನಾದರೊಂದು ಚಟುವಟಿಕೆಯನ್ನು ಕೊಟ್ಟರೆ ಅರಿವು ತಾನಾಗಿ ಉದಿಸುವುದೆಂದು ಹೇಳುವವರು, ಪ್ರಶ್ನೆಯಿಲ್ಲದ ಪ್ರಯೋಗವು ಕೈಗೆ ಕೆಲಸವೇ ಹೊರತು ಬುದ್ಧಿಗೆ ಕೆಲಸವಲ್ಲವೆಂಬುದನ್ನು ಮರೆಯುತ್ತಾರೆ. ದೂರದಿಂದಲೋ ಕಾಲದಿಂದಲೋ ಎಂಬ ಪ್ರಶ್ನೆಯು ಮೊದಲು ಮನಸ್ಸನ್ನು ಕಾಡಿದರೆ ಮಾತ್ರ ಗೋಲಿಯ ಸದ್ದಿಗೆ ಅರ್ಥವುಂಟು. ಇನ್ನು ಬಡ ಶಾಲೆಗಳಲ್ಲಿ ಇದೆಲ್ಲ ಆಗದೆಂಬ ಮಾತು. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಬೋಧನೆಯ ಕಾರ್ಯಕ್ರಮವು, ಗ್ರಾಮಾಂತರದ ಮಕ್ಕಳು ಅಗ್ಗದ ಸಾಮಗ್ರಿಗಳಿಂದ ಪ್ರಯೋಗ ಮಾಡಿ ತರ್ಕಿಸಬಲ್ಲರೆಂಬುದನ್ನು ಮೂರು ದಶಕಗಳ ಕಾಲ ತೋರಿಸಿತು. 2002ರಲ್ಲಿ ಸರ್ಕಾರವು ಅದನ್ನು ನಿಲ್ಲಿಸಿದ್ದು ಆ ನಿದರ್ಶನವನ್ನು ಸುಳ್ಳುಮಾಡುವುದಿಲ್ಲ.

ಸಮೀಕರಣಗಳನ್ನು ಪಾಠದಿಂದ ತೆಗೆದುಹಾಕಬೇಕೆಂದು ನಾನು ಹೇಳುತ್ತಿಲ್ಲ. ಕಂಡುಕೊಂಡದ್ದನ್ನು ಸಂಕ್ಷೇಪವಾಗಿ ಬರೆದಿಡಲು ಅವುಗಳಿಗಿಂತ ಉತ್ತಮವಾದ ಸಾಧನವಿಲ್ಲ; ಕಾಣುವುದಕ್ಕೆ ಮೊದಲೇ ಅವನ್ನು ಕೊಡುವುದು ದೋಷ. ಮೊದಲು ಪ್ರಶ್ನೆ, ಅನಂತರ ಹಲಗೆ, ಅನಂತರ ಮೆಟ್ಟಿಲಿನ ನಕ್ಷೆ, ಎಲ್ಲಕ್ಕೂ ಕೊನೆಯಲ್ಲಿ ಸೂತ್ರ: ಈ ಕ್ರಮಕ್ಕೆ ನಾಲ್ಕಾರು ತರಗತಿಗಳು ಹೆಚ್ಚು ಬೇಕಾಗಬಹುದು, ಅಧ್ಯಾಯದ ಕೊನೆಯ ಒಂದೇ ಜಾತಿಯ ಲೆಕ್ಕಗಳಲ್ಲಿ ಅರ್ಧವನ್ನು ಬಿಟ್ಟರೆ ಆ ಕಾಲವು ದೊರೆಯುತ್ತದೆ. ಪರೀಕ್ಷಕರು ನಿರೂಪಣೆಯ ಪ್ರಶ್ನೆಯ ಬದಲು ನಾಲ್ಕು ದಾರಗಳ ಅಳತೆಯನ್ನು ಕೊಟ್ಟು, ಚಲನೆಯು ಎಂಥದ್ದೆಂದು ನಿರ್ಣಯಿಸಲು ಹೇಳಲಿ. 1918ರಷ್ಟು ಹಿಂದೆಯೇ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರಿಂದ ಮೊದಲ್ಗೊಂಡು, ಕಠಿನವಾದದ್ದನ್ನು ಕನ್ನಡದಲ್ಲಿ ತಿಳಿಯಹೇಳಿದ ಹಿರಿಯರ ಪರಂಪರೆ ನಮಗಿದೆ. ಭೌತವಿಜ್ಞಾನವನ್ನೂ ಲಯವನ್ನೂ ಬಲ್ಲ ಉಪಾಧ್ಯಾಯರು ನಮ್ಮಲ್ಲಿ ವಿರಳರಲ್ಲ. ಅವರಲ್ಲಿ ಯಾರಾದರೂ ಓರೆಹಲಗೆಯೊಂದನ್ನೇ ವಸ್ತುವಾಗುಳ್ಳ ಚಿಕ್ಕ ಪುಸ್ತಕವನ್ನು ಒಂಬತ್ತನೆಯ ತರಗತಿಯ ಮಕ್ಕಳಿಗಾಗಿ ಕನ್ನಡದಲ್ಲಿ ಬರೆದುಕೊಡಲೆಂದು ನಾನು ಪ್ರಾರ್ಥಿಸುತ್ತೇನೆ.